ಹಾರೆ ಕೊಡಬಹುದು, ಉಳಿ ಕೊಡಲಾಗದು

ಯಾರಾದರೂ ಬಂದು ಹಾರೆ ಕೇಳಿದರೆ ನಾವು ಮೊದಲು ನೋಡುವುದು ಅವರ ಮುಖವನ್ನು. ಹೋದ ಸಲ ಒಯ್ದದ್ದನ್ನು ಈತ ಹೊತ್ತಿಗೆ ಸರಿಯಾಗಿ ತಂದುಕೊಟ್ಟಿದ್ದನೇ, ಇವರ ಮನೆಯಿಂದ ನಮಗೆ ಯಾವತ್ತಾದರೂ ಉಪಕಾರವಾಗಿದೆಯೇ, ಇಲ್ಲವೆಂದರೆ ನಾಳೆ ಮದುವೆಮನೆಯ ಪಂಕ್ತಿಯಲ್ಲಿ ಪಕ್ಕದಲ್ಲೇ ಕೂರುವ ಪ್ರಸಂಗ ಬಂದರೆ ಗತಿಯೇನು ಎಂಬ ಲೆಕ್ಕವೆಲ್ಲ ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿದಿರುತ್ತದೆ. ಬಾಯಿ "ಅದಕ್ಕೇನಂತೆ, ತಗೊಂಡ್ಹೋಗಿ" ಅನ್ನುತ್ತದೆ. ಮನಸ್ಸು ಅನ್ನುವುದೇ ಬೇರೆ. ಕೊಟ್ಟವನು ಕೋಡಂಗಿ, ಇಸ್ಕೊಂಡವನು ಈರಭದ್ರ ಎಂಬ ಗಾದೆ ಹುಟ್ಟಿದ್ದು ಇಂಥ ಗಳಿಗೆಯಲ್ಲೇ ಇರಬೇಕು. ಆದರೆ ಗಾದೆಯೂ ಕೊಟ್ಟವನನ್ನು, ಇಸ್ಕೊಂಡವನನ್ನು ಮಾತ್ರ ನೋಡುತ್ತದೆ. ಕೊಟ್ಟದ್ದು ಏನು ಎಂದು ಕೇಳುವುದೇ ಇಲ್ಲ. ನನ್ನ ತಕರಾರು ಇರುವುದು ಅಲ್ಲೇ. ಕೇಳಲು ಬಂದವರು ಸ್ನೇಹಿತರೋ, ನೆಂಟರೋ, ನೆರೆಯವರೋ ಎಂಬುದು ಎರಡನೆಯ ಪ್ರಶ್ನೆ. ಕೇಳುತ್ತಿರುವ ವಸ್ತು ಎಂಥದ್ದು, ಅದು ಕೆಡುವುದು ಹೇಗೆ, ಕೆಟ್ಟದ್ದು ಕಣ್ಣಿಗೆ ಕಾಣುತ್ತದೆಯೇ, ಊರಿನವರಿಗೆಲ್ಲ ಅದು ಒಂದೇ ದಿನ ಬೇಕಾಗುವಂಥದ್ದೇ ಎಂಬುದು ಮೊದಲಿನದು. ಅದನ್ನು ಇತ್ಯರ್ಥ ಮಾಡಿಕೊಂಡರೆ ಮುಖ ನೋಡುವ ಕೆಲಸ ಮುಕ್ಕಾಲು ಪಾಲು ತಪ್ಪುತ್ತದೆ.

ಮನುಷ್ಯರನ್ನು ತೂಗಿ ಕೊಡುವ ಪದ್ಧತಿಯಲ್ಲಿ 'ಇಲ್ಲ' ಎನ್ನುವುದಕ್ಕೆ ಜಾಗವೇ ಇರುವುದಿಲ್ಲ. ಮೊನ್ನೆ ಆಚೆ ಮನೆಯವರಿಗೆ ಕೊಟ್ಟದ್ದನ್ನು ಇವತ್ತು ಈಚೆ ಮನೆಯವರಿಗೆ ಇಲ್ಲ ಎಂದರೆ ಅದು ಸುತ್ತಿಗೆಯ ವಿಷಯವಾಗಿ ಉಳಿಯುವುದಿಲ್ಲ, ಮಾನದ ವಿಷಯವಾಗುತ್ತದೆ. ಹಾಗಾಗಿ ಜನ ಸುಳ್ಳಿನ ಮೊರೆ ಹೋಗುತ್ತಾರೆ: ಗರಗಸ ಸಾಣೆಗೆ ಕೊಟ್ಟಿದ್ದೇವೆ, ಏಣಿಯನ್ನು ತಮ್ಮನ ಮನೆಯವರು ಒಯ್ದಿದ್ದಾರೆ, ಡ್ರಿಲ್ಲಿಂಗ್ ಮೆಷಿನ್ ಯಾಕೋ ಕೆಲಸ ಮಾಡುತ್ತಿಲ್ಲ. ಆಮೇಲೆ ಆ ಸುಳ್ಳನ್ನು ಕಾಯಬೇಕು. ರಿಪೇರಿಗೆ ಹೋದ ಡ್ರಿಲ್ಲು ಮರುದಿನ ಗೋಡೆಯ ಮೇಲೆ ಸದ್ದು ಮಾಡಬಾರದು. ನಮ್ಮ ಹಿಂದಿನವರು ಇದಕ್ಕಿಂತ ಜಾಣರಿದ್ದರು. ದೀಪ ಹಚ್ಚಿದ ಮೇಲೆ ಸೂಜಿ ಕೊಡುವುದಿಲ್ಲ, ಉಪ್ಪು ಕೊಡುವುದಿಲ್ಲ, ಶುಕ್ರವಾರ ಹಣ ಕೊಡುವುದಿಲ್ಲ ಎಂಬ ಕಟ್ಟುಗಳನ್ನು ಮೂಢನಂಬಿಕೆ ಎಂದು ತಳ್ಳಿಹಾಕುವ ಮೊದಲು ಅವು ಸಮಾಜದಲ್ಲಿ ಮಾಡುತ್ತಿದ್ದ ಕೆಲಸವನ್ನು ಗಮನಿಸಬೇಕು. ಆ ನಿಯಮ ಹೊತ್ತಿನ ಮೇಲಿದೆ, ವಸ್ತುವಿನ ಮೇಲಿದೆ, ಕೇಳಿದವರ ಮೇಲಿಲ್ಲ. ಸಂಜೆ ಏಳಕ್ಕೆ ಸೂಜಿ ಕೇಳಿ ಬಂದವಳು ಬರಿಗೈಯಲ್ಲಿ ಹೋದರೂ ಮುಖ ಸಣ್ಣದು ಮಾಡಿಕೊಂಡು ಹೋಗುವುದಿಲ್ಲ, ಯಾಕೆಂದರೆ ಅವಳ ಮನೆಯಲ್ಲೂ ಅದೇ ಕಟ್ಟು. "ಈ ಉಳಿಯನ್ನು ನಾನು ಯಾರಿಗೂ ಕೊಡುವುದಿಲ್ಲ" ಎಂಬ ಮಾತಿಗೂ "ನಿಮಗೆ ಕೊಡುವುದಿಲ್ಲ" ಎಂಬ ಮಾತಿಗೂ ಇರುವ ಅಂತರ ಅಷ್ಟೇ ದೊಡ್ಡದು. ಮೊದಲನೆಯದನ್ನು ಹೇಳಿ ಚಹಾ ಕುಡಿಸಿ ಕಳಿಸಬಹುದು.

ಹಾಗಾದರೆ ವಸ್ತುಗಳನ್ನೇ ನೋಡೋಣ. ಹಾರೆ, ಪಿಕಾಸಿ, ಗುದ್ದಲಿ, ಏಣಿ, ಮಣ್ಣು ಹೊರುವ ಬುಟ್ಟಿ, ಹಗ್ಗ, ಬಾವಿಗೆ ಬಿದ್ದ ಕೊಡ ತೆಗೆಯುವ ಪಾತಾಳಗರಡಿ, ಇವೆಲ್ಲ ಒಂದು ಜಾತಿ. ವರ್ಷದ ಬಹುಪಾಲು ಇವು ಕೊಟ್ಟಿಗೆಯ ಮೂಲೆಯಲ್ಲಿ ಸುಮ್ಮನೆ ನಿಂತಿರುತ್ತವೆ. ಬಳಸುವವನ ಕೈ ಯಾರದ್ದಾದರೂ ಇವಕ್ಕೆ ಭೇದವಿಲ್ಲ. ಹಾರೆಗೆ ಗೊತ್ತಿರುವುದು ಕಲ್ಲು ಮತ್ತು ಮಣ್ಣು ಮಾತ್ರ. ಕೆಟ್ಟರೂ ಎಲ್ಲರಿಗೂ ಕಾಣುವ ಹಾಗೆ ಕೆಡುತ್ತವೆ: ತುದಿ ಮೊಂಡಾಗುತ್ತದೆ, ಕಾವು ಮುರಿಯುತ್ತದೆ, ಏಣಿಯ ಮೆಟ್ಟಿಲು ಕಳಚುತ್ತದೆ. ಒಯ್ದವನು ಮುಚ್ಚಿಡಲಾರ, ಕೊಟ್ಟವನು ಇಲ್ಲದ್ದನ್ನು ಊಹಿಸಿಕೊಂಡು ಕೊರಗಬೇಕಿಲ್ಲ. ಪಾತಾಳಗರಡಿಯಂತೂ ಕಡ ಕೊಡುವುದಕ್ಕಾಗಿಯೇ ಹುಟ್ಟಿದ ವಸ್ತು. ಮನೆಮನೆಗೆ ಬಾವಿ ಇದ್ದ ಊರುಗಳಲ್ಲೂ ಅದು ಇರುತ್ತಿದ್ದದ್ದು ಎಲ್ಲೋ ಒಂದೆರಡು ಮನೆಗಳಲ್ಲಿ. ಮಿಕ್ಕವರೆಲ್ಲ ಅಲ್ಲಿಂದ ತರುತ್ತಿದ್ದರು, ಅದಕ್ಕೆ ಯಾರೂ ನಾಚಿಕೊಳ್ಳುತ್ತಿರಲಿಲ್ಲ. ಇಂಥವನ್ನು ಕೇಳಿದವರಿಗೆಲ್ಲ ಕೊಡಬೇಕು ಎಂಬುದು ನನ್ನ ನಿಲುವು. ಅದಕ್ಕೆ ಔದಾರ್ಯವೇನೂ ಬೇಕಾಗಿಲ್ಲ. ಒಂದು ಬೀದಿಯ ಹತ್ತು ಮನೆಗಳು ಹತ್ತು ಅಲ್ಯೂಮಿನಿಯಂ ಏಣಿ ಕೊಂಡು, ಅವನ್ನು ಮಲಗಿಸಲು ಜಾಗವಿಲ್ಲದೆ ಒದ್ದಾಡುವುದರಲ್ಲಿ ಯಾವ ಸ್ವಾಭಿಮಾನವೂ ನನಗೆ ಕಾಣುವುದಿಲ್ಲ.

ಇನ್ನೊಂದು ಜಾತಿ ಅಲುಗಿನದು. ಬಡಗಿಯ ಉಳಿಯ ಬಾಯಿ 25ರಿಂದ 30 ಡಿಗ್ರಿಯ ಓರೆಯಲ್ಲಿರುತ್ತದೆ. ಆ ಓರೆಯನ್ನು ಅವನು ಕಲ್ಲಿನ ಮೇಲೆ ತನ್ನ ಕೈಯ ಅಳತೆಯಿಂದಲೇ ಕಾಯ್ದುಕೊಂಡು ಬಂದಿರುತ್ತಾನೆ. ಗರಗಸದ ಹಲ್ಲುಗಳನ್ನು ಒಂದು ಎಡಕ್ಕೆ ಒಂದು ಬಲಕ್ಕೆ ಕೂದಲೆಳೆಯಷ್ಟು ಬಗ್ಗಿಸಿರದಿದ್ದರೆ ಅದು ಮರದೊಳಗೆ ಸಿಕ್ಕಿಕೊಳ್ಳುತ್ತದೆ. ಕೀಸುಳಿಯ ಅಲಗು ಎಷ್ಟು ಹೊರಗೆ ಇಣುಕಬೇಕೆಂಬುದು ಒಂದೊಂದು ಮರಕ್ಕೆ ಒಂದೊಂದು ಬಗೆ. ಇಂಥ ಉಳಿಯನ್ನು ಒಯ್ದ ನೆರೆಯವನು ಅದರಿಂದ ಪೇಂಟ್ ಡಬ್ಬಿಯ ಮುಚ್ಚಳ ಮೀಟಿರುತ್ತಾನೆ. ಗರಗಸ ಒಯ್ದವನು ಹಳೆಯ ಚೌಕಟ್ಟು ಕುಯ್ಯುವಾಗ ಒಳಗಿದ್ದ ಮೊಳೆಗೆ ಹಲ್ಲು ತಾಗಿಸಿರುತ್ತಾನೆ. ಮೊಂಡಾದದ್ದನ್ನು ಸರಿಮಾಡಿಯೇ ಕೊಡೋಣವೆಂಬ ಸದುದ್ದೇಶದವನಿದ್ದರೆ ಇನ್ನೂ ಕಷ್ಟ: ಕರೆಂಟಿನ ಗ್ರೈಂಡರಿಗೆ ಹಿಡಿದು ಬಾಯಿ ನೀಲಿಯಾಗುವಷ್ಟು ಕಾಯಿಸಿ, ಕಮ್ಮಾರ ಕೊಟ್ಟ ಹದವನ್ನೇ ಇಳಿಸಿ ತಂದಿರುತ್ತಾನೆ. ದರ್ಜಿಯ ಕತ್ತರಿಯಲ್ಲಿ ಮಕ್ಕಳು ಕಾಗದ ಕತ್ತರಿಸಿದರೆ ಬಟ್ಟೆಗೆ ಅದು ಬಾರದು ಎಂಬುದು ಹೊಲಿಗೆ ಗೊತ್ತಿದ್ದ ಎಲ್ಲ ಮನೆಗಳಲ್ಲೂ ದಿನಾ ಕೇಳುವ ಗದರಿಕೆ. ಇಲ್ಲಿ ಒಯ್ದವರ ಸ್ವಭಾವ ಎಷ್ಟು ಒಳ್ಳೆಯದು ಎಂಬುದರಿಂದ ಏನೂ ಆಗುವುದಿಲ್ಲ. ಪರಮ ಪ್ರಾಮಾಣಿಕನೂ ತನಗೆ ಗೊತ್ತಿಲ್ಲದ ಹಾನಿಯನ್ನು ಮಾಡಿ, ತೊಳೆದು ಒರೆಸಿ, ಕೃತಜ್ಞತೆಯಿಂದ ತಂದುಕೊಡುತ್ತಾನೆ. ಹಾನಿ ತಿಳಿಯುವುದು ವಾರದ ಮೇಲೆ, ಒಡೆಯ ಅದನ್ನು ಕೈಗೆತ್ತಿಕೊಂಡಾಗ. ಆಗ ದೂರು ಹೇಳಲು ಹೊತ್ತು ಮೀರಿರುತ್ತದೆ. ಹೇಳಿದರೂ "ಸರಿಯಾಗಿಯೇ ಕೊಟ್ಟಿದ್ದೆನಲ್ಲ" ಎಂಬ ಉತ್ತರ ಅವನ ಮಟ್ಟಿಗೆ ನಿಜವೇ. ಅಲುಗಿನ ಉಪಕರಣದಿಂದಲೇ ಅನ್ನ ದುಡಿಯುವವನು ಅದನ್ನು ಅಣ್ಣತಮ್ಮಂದಿರಿಗೂ ಕೊಡದಿದ್ದರೆ ಅವನನ್ನು ಜಿಪುಣ ಎನ್ನುವುದು ಅನ್ಯಾಯ.

ಯಂತ್ರಗಳು ಬಂದ ಮೇಲೆ ಈ ಕಾಣದ ಹಾನಿ ಇನ್ನಷ್ಟು ಹೆಚ್ಚಿದೆ. ಕಳೆ ಕೊಚ್ಚುವ ಯಂತ್ರವನ್ನೇ ತೆಗೆದುಕೊಳ್ಳಿ. ಅವುಗಳಲ್ಲಿ ಎರಡು ಸ್ಟ್ರೋಕಿನ ಎಂಜಿನ್ ಇರುವಂಥವಕ್ಕೆ ಬರಿಯ ಪೆಟ್ರೋಲ್ ಹಾಕುವಂತಿಲ್ಲ. ಕಂಪನಿ ಹೇಳಿದ ಪ್ರಮಾಣದಲ್ಲಿ, ಸಾಮಾನ್ಯವಾಗಿ ಲೀಟರಿಗೆ 20ರಿಂದ 40 ಮಿಲಿಯಷ್ಟು ಆಯಿಲ್ ಬೆರೆಸಬೇಕು. ಆ ಎಂಜಿನ್ನಿಗೆ ಬೇರೆ ಆಯಿಲ್ ತೊಟ್ಟಿ ಇಲ್ಲ, ಪಿಸ್ಟನ್ನಿಗೆ ಜಿಡ್ಡು ಸಿಗುವುದು ಪೆಟ್ರೋಲಿನೊಂದಿಗೆ ಬಂದದ್ದರಿಂದಲೇ. ಒಯ್ದವನು ಪೆಟ್ರೋಲ್ ಮುಗಿಯಿತೆಂದು, ತನ್ನ ಖರ್ಚಿನಲ್ಲೇ, ಬೈಕಿನಿಂದ ಒಂದು ಲೀಟರ್ ಇಳಿಸಿ ಹಾಕುತ್ತಾನೆ. ತೋಟದ ಇನ್ನೊಂದು ಬದಿ ಮುಟ್ಟುವುದರೊಳಗೆ ಎಂಜಿನ್ ಬಿಸಿಯಾಗಿ ಹಿಡಿದುಕೊಂಡಿರುತ್ತದೆ. ಅವನ ಕಣ್ಣಿಗೆ ಅವನು ಮಾಡಿದ್ದು ಮರ್ಯಾದಸ್ಥ ಕೆಲಸ: ಬೇರೆಯವರ ಯಂತ್ರಕ್ಕೆ ತನ್ನ ಪೆಟ್ರೋಲ್ ಹಾಕಿದ. ಔಷಧಿ ಹೊಡೆಯುವ ಪಂಪಿನ ಕತೆ ಇದಕ್ಕಿಂತ ಸೂಕ್ಷ್ಮ. 2,4-ಡಿ ಎಂಬ ಕಳೆನಾಶಕವನ್ನು ಹೊಡೆದ ಪಂಪನ್ನು ಮೇಲೆ ಮೇಲೆ ತೊಳೆದು ತಂದುಕೊಟ್ಟರೆ, ಪೈಪಿನಲ್ಲಿ ವಾಷರಿನಲ್ಲಿ ಉಳಿದ ಅಲ್ಪ ಅಂಶವೇ ಮುಂದಿನ ಸಲ ಒಡೆಯನ ಹತ್ತಿಯನ್ನೋ ಟೊಮೆಟೊವನ್ನೋ ದ್ರಾಕ್ಷಿಯನ್ನೋ ಹೊಗುತ್ತದೆ. ಆ ಮೂರೂ ಬೆಳೆಗಳು ಆ ವಿಷವನ್ನು ಒಂದಿಷ್ಟೂ ತಡೆಯಲಾರವು. ಎಲೆ ಮುರುಟುತ್ತದೆ, ಚಿಗುರು ತಿರುಚಿಕೊಳ್ಳುತ್ತದೆ. ಪಂಪು ನೋಡಿದರೆ ಹೊಸದರ ಹಾಗೇ ಇದೆ. ರೈತ ಬೀಜವನ್ನು ಬೈಯುತ್ತಾನೆ, ಔಷಧಿ ಅಂಗಡಿಯನ್ನು ಬೈಯುತ್ತಾನೆ. ಕಡ ಕೊಟ್ಟ ಪಂಪು ಅವನ ನೆನಪಿಗೇ ಬಾರದಿರಬಹುದು. ಕಡ ಹೋಗಿಬಂದ ವಸ್ತು ಮಾಡುವ ನಷ್ಟ ಆ ವಸ್ತುವಿನ ಬೆಲೆಯೊಳಗೇ ನಿಲ್ಲುತ್ತದೆ ಎಂದು ಭಾವಿಸುವವರು ಈ ಪಂಪನ್ನು ನೆನೆಯಬೇಕು. ಕಳೆನಾಶಕಕ್ಕೆ ಬಳಸಿದ ಪಂಪನ್ನು ಬೇರೆಯೇ ಇಡಬೇಕೆಂದು ಕೃಷಿ ತಜ್ಞರು ಒಂದೇ ಮನೆಯವರಿಗೂ ಹೇಳುತ್ತಾರೆ. ಎರಡು ಮನೆಗಳ ನಡುವೆ ಅದು ಓಡಾಡುವುದಂತೂ ಬೇಡವೇ ಬೇಡ.

ಕೆಡುವ ಪ್ರಶ್ನೆ ಹೀಗೆ. ಹೊತ್ತಿನ ಪ್ರಶ್ನೆ ಬೇರೆ. ಬಯಲುಸೀಮೆಯಲ್ಲಿ ಮಳೆ ಬಿದ್ದು ಭೂಮಿ ಹದಕ್ಕೆ ಬಂದ ಮೇಲೆ ಬಿತ್ತನೆಗೆ ಸಿಗುವುದು ಕೆಲವೇ ದಿನ. ಕೂರಿಗೆ ಇಡೀ ಊರಿಗೆ ಬೇಕಾಗುವುದು ಆ ದಿನಗಳಲ್ಲೇ. ಅದಾದ ಮೇಲೆ ಅದನ್ನು ಕೇಳುವವರೇ ಇಲ್ಲ. ಮಲೆನಾಡಿನ ಅಡಿಕೆ ತೋಟಗಳಲ್ಲಿ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯುವ ಕೆಲಸವೂ ಹಾಗೆಯೇ. ಕೆನಡಾದಿಂದ ಮೈಸೂರಿಗೆ ಬಂದ ಲೆಸ್ಲಿ ಕೋಲ್ಮನ್ ಕಳೆದ ಶತಮಾನದ ಆರಂಭದಲ್ಲಿ ಆ ರೋಗವನ್ನು ಅಧ್ಯಯನ ಮಾಡಿದ ಕಾಲದಿಂದ ಇಂದಿನವರೆಗೂ ಮದ್ದು ಹೆಚ್ಚುಕಡಿಮೆ ಅದೇ: ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ. ಮುಂಗಾರು ಹಿಡಿಯುವ ಹೊತ್ತಿಗೆ ಒಂದು ಸಲ, ಆಮೇಲೆ ನಲವತ್ತು ನಲವತ್ತೈದು ದಿನಕ್ಕೆ ಮತ್ತೊಂದು ಸಲ. ಮಳೆ ಒಂದು ದಿನ ಹೊಳವಾಯಿತೆಂದರೆ ಸೀಮೆಯ ತೋಟಗಳೆಲ್ಲ ಒಟ್ಟಿಗೇ ಪಂಪಿಗೆ ಕೈ ಹಾಕುತ್ತವೆ. ಆ ದಿನ ಭಾವನಿಗೆ ಪಂಪು ಕೊಟ್ಟವನು ತನ್ನ ಫಸಲನ್ನು ಭಾವನಿಗೆ ಕೊಟ್ಟ ಹಾಗೆ. ಕೂರಿಗೆಗೆ ಯಾವ ಹಾನಿಯೂ ಆಗದಿರಬಹುದು, ಪಂಪು ಹೊಳೆಯುತ್ತಾ ಹಿಂತಿರುಗಬಹುದು, ಆದರೂ ಕೊಟ್ಟದ್ದು ತಪ್ಪೇ. ಒಳ್ಳೆಯತನದಿಂದ ಮಳೆಯ ಹೊಳವನ್ನು ಎರಡು ದಿನ ಮಾಡಲು ಬರುವುದಿಲ್ಲ.

ಇಲ್ಲಿ ಒಂದು ಆಕ್ಷೇಪ ಏಳುತ್ತದೆ, ಅದನ್ನು ಎತ್ತುವವರು ಸಾಮಾನ್ಯವಾಗಿ ಹಳ್ಳಿ ಬಿಟ್ಟು ಬಂದವರು: ಹಿಂದೆ ಹೀಗೆಲ್ಲ ಲೆಕ್ಕವಿರಲಿಲ್ಲ, ಎಲ್ಲರ ಮನೆಯ ನೇಗಿಲೂ ಎಲ್ಲರ ಹೊಲದಲ್ಲೂ ಓಡಾಡುತ್ತಿತ್ತು, ಈಗ ಜನರ ಮನಸ್ಸು ಸಣ್ಣದಾಗಿದೆ. ಎಲ್ಲರೂ ಎಲ್ಲರಿಗೂ ಕೊಡುತ್ತಿದ್ದರು ಎಂಬುದೇ ಮೊದಲಿಗೆ ನಿಜವಲ್ಲ. ಜಾತಿ ಎಂಬುದು ಕೊಡುಕೊಳೆಯ ಗೆರೆಯನ್ನು ಬಹಳ ಬಿಗಿಯಾಗಿ ಎಳೆದಿತ್ತು. ಹಾರೆ ದಾಟಿದ ಗೆರೆಯನ್ನು ಬಿಂದಿಗೆ ದಾಟುತ್ತಿರಲಿಲ್ಲ, ಕೆಲವರು ಅಂಗಳದಲ್ಲಿ ನಿಂತೇ ಕೇಳಬೇಕಿತ್ತು, ನೆಲದ ಮೇಲೆ ಇಟ್ಟದ್ದನ್ನೇ ಎತ್ತಿಕೊಳ್ಳಬೇಕಿತ್ತು. ಅದು ಒಂದು. ಮತ್ತೊಂದು, ಆಗ ನೇಗಿಲು ಸವೆದರೆ ಅದರ ಖರ್ಚು ಕೊಟ್ಟವನೊಬ್ಬನ ತಲೆಯ ಮೇಲೆ ಬೀಳುತ್ತಿರಲಿಲ್ಲ. ಆಯಗಾರ ಪದ್ಧತಿಯಲ್ಲಿ ಬಡಗಿ, ಕಮ್ಮಾರರು ವರ್ಷವಿಡೀ ಊರ ಕುಳ ಕಾಸುತ್ತಿದ್ದರು, ಕಾವು ಹಾಕುತ್ತಿದ್ದರು. ಸುಗ್ಗಿಯಲ್ಲಿ ಕಣಕ್ಕೆ ಬಂದು ತಮ್ಮ ಪಾಲಿನ ಧಾನ್ಯ ಒಯ್ಯುತ್ತಿದ್ದರು. ನೇಗಿಲನ್ನು ಪಕ್ಕದವನು ಎರಡು ದಿನ ಹೂಡಿದರೂ ಒಡೆಯ ಕೊಡುವ ಆಯ ಒಂದು ಸೇರೂ ಹೆಚ್ಚಾಗುತ್ತಿರಲಿಲ್ಲ. ಸವಕಳಿಯ ಭಾರವನ್ನು ಹೊತ್ತವರು ಆ ಕಮ್ಮಾರ, ಬಡಗಿ. ಅಂದರೆ ಆ ಔದಾರ್ಯದಲ್ಲಿ ಒಂದು ಭಾಗ ಇನ್ನೊಬ್ಬರ ಬೆವರಿನದು. ಇಂದು ಆ ಲೆಕ್ಕ ಮುರಿದಿದೆ. ಉಪಕರಣದ ಸಾಣೆ, ಬೇರಿಂಗು, ಬೆಲ್ಟು, ಕಾರ್ಬನ್ ಬ್ರಷ್ಷು ಎಲ್ಲದಕ್ಕೂ ಒಡೆಯನೇ ನಗದು ತೆರಬೇಕು. ಮನಸ್ಸು ಸಣ್ಣದಾಯಿತೆಂದು ಹೇಳುವ ಮೊದಲು ಖರ್ಚಿನ ಚೀಟಿ ಯಾರ ಕೈಗೆ ಬಂತು ಎಂಬುದನ್ನು ನೋಡುವುದು ಒಳ್ಳೆಯದು.

ಹಳೆಯದರಲ್ಲಿ ನಿಜವಾಗಿ ಉಳಿಸಿಕೊಳ್ಳಬೇಕಾದದ್ದು ಬೇರೊಂದಿತ್ತು, ಅದು ಮುಯ್ಯಿ, ಅಂದರೆ ಕೆಲಸಕ್ಕೆ ಕೆಲಸ ಮರಳಿಸುವ ಕ್ರಮ. ಮುಯ್ಯಾಳಾಗಿ ಬಂದವನು ತನ್ನ ಕುಡುಗೋಲನ್ನು ತಾನೇ ತರುತ್ತಿದ್ದ. ಎತ್ತು ಮುಯ್ಯಿಗೆ ಬಂದರೆ ಅದನ್ನು ಹೊಡೆಯುವವನೂ ಜೊತೆಗೆ ಬರುತ್ತಿದ್ದ. ಕಡ ಹೋಗುತ್ತಿದ್ದದ್ದು ಕೈ ಮತ್ತು ಉಪಕರಣ ಎರಡೂ. ಬರೀ ಉಪಕರಣ ಹೋದಾಗ ಬರುವ ತೊಂದರೆಗಳೆಲ್ಲ ಅಲ್ಲಿ ಇಲ್ಲ: ಅಲುಗು ಒಡೆಯನ ಹಿಡಿತದಲ್ಲೇ ಇದೆ, ಎಣ್ಣೆ ಎಷ್ಟು ಹಾಕಬೇಕೆಂಬುದು ಗೊತ್ತಿರುವವನೇ ಹಾಕುತ್ತಾನೆ, ಕೆಲಸ ಮುಗಿದ ಗಳಿಗೆಗೆ ವಸ್ತು ಮನೆಗೆ ಹೊರಡುತ್ತದೆ. ಇವತ್ತಿನ ಅಡಿಕೆ ತೋಟದಲ್ಲಿ ಇದೇ ನ್ಯಾಯ ಹೊಸ ರೂಪದಲ್ಲಿ ಕಾಣುತ್ತದೆ. ನೆಲದ ಮೇಲೆ ನಿಂತೇ ಕೊನೆ ಕೊಯ್ಯುವ, ಔಷಧಿ ಹೊಡೆಯುವ ಕಾರ್ಬನ್ ಫೈಬರ್ ದೋಟಿಗೆ ಹತ್ತಾರು ಸಾವಿರ ರೂಪಾಯಿ ಬೆಲೆ. ತೂಕ ಕಡಿಮೆ, ಆದರೆ ತಪ್ಪಾಗಿ ಬಾಗಿಸಿದರೆ ಸೀಳುತ್ತದೆ. ಅದಕ್ಕಿಂತ ಮುಖ್ಯವಾಗಿ ಕಾರ್ಬನ್ ಫೈಬರಿಗೆ ವಿದ್ಯುತ್ ಹರಿಯುತ್ತದೆ. ತೋಟದ ಮೇಲೆ ಹಾದುಹೋಗುವ ತಂತಿಗೆ ತಾಗಿದರೆ ಹಿಡಿದವನ ಪ್ರಾಣ ಹೋಗುತ್ತದೆ. ಬಿದಿರಿನ ದೋಟಿ ಹಿಡಿದು ಬೆಳೆದವನಿಗೆ ಈ ಅಪಾಯ ತಲೆಗೆ ಹೊಳೆಯದಿರುವುದು ಸಹಜ. ಇಂಥದ್ದನ್ನು 'ತಗೊಂಡ್ಹೋಗಿ' ಎಂದು ಗೋಡೆಯಾಚೆ ದಾಟಿಸುವುದು ಸ್ನೇಹದ ಲಕ್ಷಣವೇ ಅಲ್ಲ. ಅರ್ಧ ದಿನ ಬಿಡುವು ಮಾಡಿಕೊಂಡು ದೋಟಿಯೊಂದಿಗೆ ತಾನೂ ಹೋಗುವುದು, ಅಥವಾ ಅದರಲ್ಲಿ ಪಳಗಿದ ಕೊನೆಗೌಡನನ್ನು ಗೊತ್ತುಮಾಡಿಕೊಡುವುದು ಲೇಸು. ಬಡಗಿ ಗೆಳೆಯನೂ ಉಳಿ ಕೊಡಲಾರ, ಆದರೆ ಭಾನುವಾರ ಬಂದು ಬಾಗಿಲಿನ ಅಂಚನ್ನು ಕೆತ್ತಿಕೊಟ್ಟು ಹೋಗಬಲ್ಲ.

ಅಷ್ಟು ಬಿಡುವು ಯಾರಿಗಿದೆ, ಈಗ ಎಲ್ಲವೂ ಬಾಡಿಗೆಗೆ ಸಿಗುತ್ತದಲ್ಲ ಎನ್ನಬಹುದು. ಸಿಗುತ್ತದೆ, ಸಿಗುವುದು ಒಳ್ಳೆಯದೇ. ರಾಜ್ಯದಲ್ಲಿ 2014-15ರಿಂದ ಹೋಬಳಿ ಮಟ್ಟದಲ್ಲಿ ಶುರುವಾದ ಕೃಷಿ ಯಂತ್ರಧಾರೆ ಕೇಂದ್ರಗಳು ಟ್ರ್ಯಾಕ್ಟರು, ಟಿಲ್ಲರು, ರೋಟವೇಟರುಗಳನ್ನು ಬಾಡಿಗೆಗೆ ಕೊಡುವ ವ್ಯವಸ್ಥೆ. ಅಮೆರಿಕದ ಬರ್ಕ್ಲಿ ನಗರದ ಸಾರ್ವಜನಿಕ ಗ್ರಂಥಾಲಯವಂತೂ 1979ರಿಂದ ಪುಸ್ತಕದ ಹಾಗೆಯೇ ಗರಗಸ, ಏಣಿ, ಡ್ರಿಲ್ಲುಗಳನ್ನು ಎರವಲು ಕೊಡುತ್ತಿದೆ. ಬೆಂಗಳೂರಿನ ಅಪಾರ್ಟ್‌ಮೆಂಟುಗಳಿಗೆ ಇದು ಹೇಳಿ ಮಾಡಿಸಿದ ಉಪಾಯ: ನೂರು ಮನೆಗಳಲ್ಲಿ ನೂರು ಡ್ರಿಲ್ಲಿಂಗ್ ಮೆಷಿನ್, ಪ್ರತಿಯೊಂದೂ ಒಂದು ಗಡಿಯಾರ, ಎರಡು ಫೋಟೋ ನೇತುಹಾಕಿ ಅಟ್ಟ ಸೇರಿದೆ. ಸಂಘದ ಕೋಣೆಯಲ್ಲಿ ಎರಡಿಟ್ಟು, ಒಯ್ದವರ ಹೆಸರು ಬರೆಯಲು ಒಂದು ನೋಟ್‌ಬುಕ್ ತೂಗುಹಾಕಿದರೆ ಸಾಕು. ಬಿಟ್ಟು ಮಾತ್ರ ಅವರವರದ್ದೇ ಆಗಿರಲಿ. ಕಾಂಕ್ರೀಟಿನೊಳಗಿನ ಕಬ್ಬಿಣಕ್ಕೆ ತಾಗಿ ಸುಡುವುದು ಅದು, ಮೆಷಿನ್ ಅಲ್ಲ. ಆದರೆ ಬಾಡಿಗೆ ಸಿಗುತ್ತದೆಂದು ನೆರೆಯ ಕಡ ಬೇಡವಾಗುವುದಿಲ್ಲ. ಬಚ್ಚಲಿನ ನಲ್ಲಿ ಕಿತ್ತುಕೊಂಡು ನೀರು ಚಿಮ್ಮುತ್ತಿರುವಾಗ ಪೈಪ್ ಸ್ಪ್ಯಾನರನ್ನು ಆ್ಯಪಿನಲ್ಲಿ ಹುಡುಕುತ್ತ ಕೂರಲಾಗದು. ಬಾಡಿಗೆ ಅಂಗಡಿ ಇರುವುದು ಮೊದಲೇ ಗೊತ್ತಿರುವ ಕೆಲಸಕ್ಕೆ. ಗೊತ್ತಿಲ್ಲದೆ ಬಂದ ಕೆಲಸಕ್ಕೆ ಇರುವುದು ಪಕ್ಕದ ಮನೆ.

ಈ ಚರ್ಚೆಯಲ್ಲಿ ಗಂಡಸರು ಮರೆಯುವ ಒಂದು ಜಾಗವಿದೆ, ಅಡುಗೆಮನೆ. ಚಕ್ಕುಲಿ ಒರಳು, ಶಾವಿಗೆ ಒತ್ತುವ ಮಣೆ, ದೊಡ್ಡ ಬಾಣಲೆ, ಹೋಳಿಗೆಯ ಕಾವಲಿ, ಇಡ್ಲಿ ಅಟ್ಟ, ಇವೆಲ್ಲ ತಲೆಮಾರುಗಳಿಂದ ಮನೆಯಿಂದ ಮನೆಗೆ ಹೋಗಿ ಬರುತ್ತಲೇ ಇವೆ, ಅದರಿಂದ ಮನೆ ಮುರಿದದ್ದು ಅಪರೂಪ. ಹಬ್ಬದ ಮುಂಚಿನ ದಿನಗಳಲ್ಲಿ ಒರಳು ಯಾರ ಮನೆಯಲ್ಲಿದೆಯೆಂದು ಬೀದಿಗೆಲ್ಲ ಗೊತ್ತಿರುತ್ತದೆ. ಅದನ್ನು ಒಡತಿಯ ಮನೆಗೆ ತರದೆ ನೇರವಾಗಿ ಮುಂದಿನವರಿಗೆ ದಾಟಿಸುವುದೂ ಉಂಟು. ಅದು ಯಾಕೆ ಇಷ್ಟು ಸಲೀಸು ಎಂದು ಕೇಳಿಕೊಂಡರೆ ಮೇಲಿನ ವಾದಕ್ಕೇ ಬಲ ಬರುತ್ತದೆ. ಒರಳಿನಲ್ಲಿ ಕಾಣದ ಹಾನಿ ಆಗುವಂಥದ್ದೇನೂ ಇಲ್ಲ. ಬಳಸುವ ವಿಧಾನ ಎಲ್ಲರಿಗೂ ಗೊತ್ತು. ಒಂದು ಮಧ್ಯಾಹ್ನಕ್ಕೆ ಕೆಲಸ ಮುಗಿಯುತ್ತದೆ, ಮುಗಿದದ್ದು ಎಣ್ಣೆಯ ವಾಸನೆಯಿಂದಲೇ ಅಕ್ಕಪಕ್ಕಕ್ಕೆ ತಿಳಿಯುತ್ತದೆ. ಪಾತ್ರೆಯನ್ನು ಬರಿದಾಗಿ ಕಳಿಸಬಾರದು ಎಂಬ ಕಟ್ಟು ಬೇರೆ ಇದೆ. ಒರಳಿನ ಜೊತೆ ನಾಲ್ಕು ಚಕ್ಕುಲಿ ಬರುತ್ತವೆ, ಅಲ್ಲಿಗೆ ಉಪಕಾರದ ಭಾರ ಇಳಿಯಿತು. ಸ್ಟೀಲಿನ ಪಾತ್ರೆಗೆ ಅಂಗಡಿಯಲ್ಲೇ ಹೆಸರು ಕೊರೆಸಿ ತರುವ ನಮ್ಮ ಪದ್ಧತಿಯನ್ನು ನೋಡಿ. ಕೊಂಡ ದಿನವೇ ಇದು ಪರರ ಮನೆಗೆ ಹೋಗಲಿದೆ ಎಂದು ಒಪ್ಪಿಕೊಂಡ ಹಾಗಾಯಿತು ಅದು. ಗುದ್ದಲಿಯ ಕಾವಿಗೆ ಕೆಂಪು ಬಣ್ಣದ ಒಂದು ಪಟ್ಟಿ ಬಳಿಯಲು ಸಂಕೋಚಪಡುವ ಗಂಡಸು ಇದರಿಂದ ಕಲಿಯಬಹುದು.

ಇಷ್ಟೆಲ್ಲ ವಿಂಗಡಿಸಿ ಕೊಟ್ಟ ಮೇಲೂ ಉಳಿಯುವ ಕಷ್ಟವೆಂದರೆ ತಿರುಗಿ ಕೇಳುವುದು. ಮುರಿದುಹೋದ ಉಪಕರಣಕ್ಕಿಂತ ಬಾರದೆ ಉಳಿದ ಉಪಕರಣ ಹೆಚ್ಚು ಸಂಬಂಧಗಳನ್ನು ಕೆಡಿಸಿದೆ ಎಂದೇ ನನ್ನ ಅಂದಾಜು. ಕೊಟ್ಟವನು ಅವನೇ ತರಲಿ ಎಂದು ಕಾಯುತ್ತಾನೆ. ಒಯ್ದವನು ಅವರಿಗೆ ಬೇಕಾದರೆ ಕೇಳುತ್ತಾರೆ ಎಂದು ಸುಮ್ಮನಿರುತ್ತಾನೆ. ಇಬ್ಬರದೂ ಸೌಜನ್ಯವೇ, ಎರಡೂ ಸೇರಿ ವಿಷವಾಗುತ್ತದೆ. ಸ್ವಾರಸ್ಯವೆಂದರೆ ನಮ್ಮ ನ್ಯಾಯಶಾಸ್ತ್ರದಲ್ಲಿ ಎರಡೂ ಪಕ್ಷಗಳಿಗೆ ಆಧಾರವಿದೆ. ಯಾಜ್ಞವಲ್ಕ್ಯ ಸ್ಮೃತಿ ನಂಬಿ ಇಟ್ಟ ಠೇವಣಿಗೆ ಹೇಳಿದ ನಿಯಮಗಳನ್ನೇ ಬೇಡಿ ತಂದ ವಸ್ತುವಿಗೂ ಅನ್ವಯಿಸುತ್ತದೆ: ರಾಜನಿಂದಲೋ ದೈವದಿಂದಲೋ ಕಳ್ಳರಿಂದಲೋ ಹೋದರೆ ತಂದವನ ಮೇಲೆ ಹೊಣೆಯಿಲ್ಲ, ಒಡೆಯ ಕೇಳಿಯೂ ಕೊಡದೆ ಇಟ್ಟುಕೊಂಡಾಗ ಹಾಳಾದರೆ ಅದರ ಬೆಲೆಯನ್ನೂ ಅಷ್ಟೇ ದಂಡವನ್ನೂ ತೆರಬೇಕು. ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ, ನಮ್ಮ ಕಲ್ಯಾಣದಲ್ಲಿ ಕೂತು ಅದಕ್ಕೆ ಮಿತಾಕ್ಷರಾ ಎಂಬ ವ್ಯಾಖ್ಯಾನ ಬರೆದ ವಿಜ್ಞಾನೇಶ್ವರ, ಬೇಡಿ ತಂದದ್ದು ಎಂಬುದಕ್ಕೆ ಕೊಡುವ ಉದಾಹರಣೆ ಮದುವೆ ಮುಂತಾದ ಉತ್ಸವಗಳಿಗೆ ತಂದ ಬಟ್ಟೆ, ಒಡವೆ. ಒಂಬೈನೂರು ವರ್ಷಗಳ ಹಿಂದೆಯೂ ಮದುವೆಗೆ ಪಕ್ಕದ ಮನೆಯ ಸರವೇ ಬೇಕಾಗುತ್ತಿತ್ತೆಂದು ತಿಳಿದರೆ ಸಮಾಧಾನವಾಗುತ್ತದೆ. ಅಲ್ಲಿ ಹೊಣೆ ತಿರುಗುವ ಬಿಂದು ಕೇಳುವುದು. 1872ರ ಭಾರತೀಯ ಕರಾರು ಕಾಯ್ದೆಯಾದರೋ ಇನ್ನೊಂದು ದಾರಿ ಹಿಡಿಯುತ್ತದೆ: ಅವಧಿ ಮುಗಿದೊಡನೆ ಅಥವಾ ಯಾವ ಕೆಲಸಕ್ಕೆ ತಂದದ್ದೋ ಅದು ಮುಗಿದೊಡನೆ, ಕೇಳುವ ಮೊದಲೇ ತಂದುಕೊಡಬೇಕು ಎನ್ನುತ್ತದೆ ಅದರ 160ನೆಯ ಕಲಮು. ತಡಮಾಡಿದರೆ ಆಮೇಲಿನ ನಷ್ಟ ತಂದವನದೇ. ಕಾನೂನು ಬದಲಾಗಿ ನೂರೈವತ್ತು ವರ್ಷ ದಾಟಿದರೂ ಕಡ ಒಯ್ದವರಲ್ಲಿ ಹೆಚ್ಚಿನವರು ಇನ್ನೂ ವಿಜ್ಞಾನೇಶ್ವರನ ಕಾಲದಲ್ಲೇ ಇದ್ದಾರೆ. ಕೇಳುವವರೆಗೆ ಅವರ ಲೆಕ್ಕದಲ್ಲಿ ತಡವೇ ಆಗಿರುವುದಿಲ್ಲ. ಹಾಗಿದ್ದ ಮೇಲೆ ಕೇಳುವುದನ್ನು ಒರಟುತನವೆಂದು ಭಾವಿಸುವುದು ಕೊಟ್ಟವನದೇ ತಪ್ಪು. ಕೊಡುವಾಗಲೇ "ಯಾವ ಕೆಲಸಕ್ಕೆ?" ಎಂದು ವಿಚಾರಿಸಿಬಿಟ್ಟರೆ ಮುಂದಿನದು ಹಗುರ. ಗುಂಡಿ ತೋಡಿದ್ದಾಯಿತೇ, ತೆಂಗಿನ ಸಸಿ ನೆಟ್ಟಿರಾ ಎಂದು ಕೇಳಿದರೆ ಹಾರೆಯನ್ನು ಕೇಳಿದ ಹಾಗೂ ಆಯಿತು, ಸಸಿಯನ್ನು ವಿಚಾರಿಸಿದ ಹಾಗೂ ಆಯಿತು. ಅದೂ ಕೈಗೂಡದ ಸಂಕೋಚದವರಿಗೆ ವರ್ಷಕ್ಕೊಮ್ಮೆ ಮಹಾನವಮಿ ಇದ್ದೇ ಇದೆ. ಆಯುಧಪೂಜೆಗೆ, ಉತ್ತರ ಕರ್ನಾಟಕದವರು ಹೇಳುವ ಖಂಡೇ ಪೂಜೆಗೆ, ಮನೆಯ ಕಬ್ಬಿಣವೆಲ್ಲ ತೊಳೆದು ಕುಂಕುಮ ಹಚ್ಚಿಸಿಕೊಳ್ಳಬೇಕು. ಪೂಜೆಗೆ ಇಡಬೇಕಿತ್ತು ಎಂದರೆ ಯಾವ ಬೀಗರೂ ಬೇಸರಪಡಲಾರರು.

ನೆಂಟರ ಮಾತು ಬಂತಲ್ಲ, ಅದನ್ನೂ ಮುಗಿಸುತ್ತೇನೆ. ನೆಂಟರಿಗೆ ಕೊಡುವುದು ನೆರೆಯವರಿಗೆ ಕೊಡುವುದಕ್ಕಿಂತ ಕಷ್ಟ ಎಂಬ ಅನಿಸಿಕೆ ಎಲ್ಲರದು. ಅದಕ್ಕೆ ಕಾರಣ ದೂರ. ನೆರೆಯವನ ಅಂಗಳದಲ್ಲಿ ಹಾರೆ ಬಿದ್ದಿರುವುದು ಕಿಟಕಿಯಿಂದ ಕಾಣುತ್ತದೆ. ಮೂವತ್ತು ಮೈಲಿ ಆಚೆಯ ಭಾವನ ಮನೆಗೆ ಹೋದ ಯಂತ್ರ ಅಲ್ಲಿಂದ ಅವನ ತಮ್ಮನ ತೋಟಕ್ಕೆ, ಅಲ್ಲಿಂದ ತಮ್ಮನ ಮಾವನಲ್ಲಿಗೆ ಹೋಗಿರುತ್ತದೆ. ಕೊಟ್ಟದ್ದು ಒಬ್ಬನಿಗೆ, ಬಳಸಿದವರು ನಾಲ್ವರು. ಇದನ್ನು 1872ರ ಕಾಯ್ದೆ ಬರೆದವರು ಚೆನ್ನಾಗಿ ಬಲ್ಲವರಿದ್ದರು. 154ನೆಯ ಕಲಮಿನ ಉದಾಹರಣೆಯಲ್ಲಿ ಒಬ್ಬ ತನ್ನ ಸವಾರಿಗೆಂದು ಕುದುರೆ ಕಡ ತರುತ್ತಾನೆ. ಅದರ ಮೇಲೆ ಮನೆಯವನೊಬ್ಬನನ್ನು ಹತ್ತಿಸುತ್ತಾನೆ. ಮನೆಯವನು ಎಚ್ಚರಿಕೆಯಿಂದಲೇ ಸವಾರಿ ಮಾಡಿದರೂ ಕುದುರೆ ಆಕಸ್ಮಿಕವಾಗಿ ಬಿದ್ದು ಗಾಯಗೊಳ್ಳುತ್ತದೆ. ಪರಿಹಾರ ಕೊಡಬೇಕಾದವನು ಕಡ ತಂದವನೇ. ಎಚ್ಚರಿಕೆ ಇತ್ತೇ ಎಂಬ ಪ್ರಶ್ನೆಗೇ ಅಲ್ಲಿ ಜಾಗವಿಲ್ಲ, ಮಾತಿನ ಮೇರೆ ಮೀರಿದ್ದೇ ಸಾಕು. ನೆಂಟರಿಗೆ ಕೊಡುವಾಗ "ನೀವೊಬ್ಬರೇ ಬಳಸಿ" ಎಂದು ನಗುತ್ತಲೇ ಹೇಳಿಬಿಡಬೇಕು. ಹೇಳಲಾಗದಷ್ಟು ಹಿರಿಯರಾಗಿದ್ದರೆ ಅವರಿಗೆ ಕೊಡುವುದು ಹಾರೆಯ ಜಾತಿಯದ್ದನ್ನು ಮಾತ್ರ.

ಕೊನೆಯದಾಗಿ, ಈ ಇಡೀ ವಾದಕ್ಕೆ ಒಂದು ಗಟ್ಟಿ ಆಕ್ಷೇಪವಿದೆ: ಮನುಷ್ಯರನ್ನು ನೋಡಬೇಡಿ ಎಂದರೆ ಹೇಗೆ, ಹಾರೆಯನ್ನೂ ಕಳೆಯುವ ಮಹಾನುಭಾವರು ಇದ್ದಾರಲ್ಲ? ಇದ್ದಾರೆ. ಏಣಿಯನ್ನು ಒಂದು ಮಳೆಗಾಲ ಪೂರ್ತಿ ಬಯಲಿನಲ್ಲಿ ಬಿಡುವವರು ಪ್ರತಿ ಬೀದಿಯಲ್ಲೂ ಇದ್ದಾರೆ. ಆದರೆ ಅವರು ಮಾಡಬಲ್ಲ ನಷ್ಟ ಎಷ್ಟು ಎಂಬುದನ್ನು ವಸ್ತುವೇ ಮೊದಲು ಕಟ್ಟಿಹಾಕಿರುತ್ತದೆ. ಕೊಡುವಂಥದ್ದನ್ನು ಮಾತ್ರ ಕೊಡುವ ಮನೆಗೆ ಅಂಥವನಿಂದ ವರ್ಷಕ್ಕೆ ಒಂದು ಸುತ್ತಿಗೆ ಹೋದೀತು. ಅಷ್ಟಕ್ಕೆ ಅವನ ಗುಣ ತಿಳಿದದ್ದು ಅಗ್ಗವೇ. ಅನುಕೂಲವಿರುವವರು 'ಕೊಡುವ ಹಾರೆ', 'ಕೊಡುವ ಸುತ್ತಿಗೆ' ಎಂದು ಒಂದೊಂದನ್ನು ಬೇರೆಯೇ ಇಟ್ಟುಕೊಂಡಿರುತ್ತಾರೆ. ಒಳ್ಳೆಯ ಅಭ್ಯಾಸ, ಒಂದು ಷರತ್ತಿನ ಮೇಲೆ. ಕೊಡುವುದಕ್ಕೆ ಇಟ್ಟದ್ದು ಹಳೆಯದಿರಬಹುದು, ಕುರೂಪವಾಗಿರಬಹುದು, ಆದರೆ ಅಪಾಯದ್ದಾಗಿರಬಾರದು. ಕಾಯ್ದೆಯ 150ನೆಯ ಕಲಮು ಇದನ್ನೂ ಕುದುರೆಯಿಂದಲೇ ವಿವರಿಸುತ್ತದೆ: ತನ್ನ ಕುದುರೆ ಪೋಕರಿ ಎಂದು ಗೊತ್ತಿದ್ದೂ ಹೇಳದೆ ಕಡ ಕೊಟ್ಟವನು, ಅದು ಓಡಿ ಸವಾರನನ್ನು ಕೆಡವಿದರೆ ತಾನೇ ಹೊಣೆ ಹೊರಬೇಕು. ಬಿಟ್ಟಿಯಾಗಿ ಕೊಟ್ಟೆನಲ್ಲ ಎಂಬ ಸಬೂಬು ನಡೆಯದು. ಸುತ್ತಿಗೆಯ ಕಾವಿನ ಮರ ಮಳೆಗಾಲದಲ್ಲಿ ಉಬ್ಬಿ ಬಿಗಿಯಾಗಿರುತ್ತದೆ, ಫಾಲ್ಗುಣ ಚೈತ್ರದ ಬಿಸಿಲಿಗೆ ಒಣಗಿ ಸಡಿಲವಾಗುತ್ತದೆ. ತಲೆ ಕಳಚಿ ಹಾರುವುದು ಆಗಲೇ. ಮನೆ ರಿಪೇರಿಗೆಂದು ಸುತ್ತಿಗೆ ಕೇಳಿಕೊಂಡು ಜನ ಬರುವುದೂ ಆ ಬೇಸಿಗೆಯಲ್ಲೇ. ಬಾಗಿಲಿಗೆ ಬಂದವರನ್ನು ಒಂದು ನಿಮಿಷ ನಿಲ್ಲಿಸಿ, ತುದಿಗೆ ಬೆಣೆ ಬಡಿದು, ಎರಡು ಸಲ ನೆಲಕ್ಕೆ ಕುಟ್ಟಿ ನೋಡಿ ಕೊಡಬೇಕು.